ಹಾರ ಹಾಕಿಕೊಂಡವರನ್ನು ಹಿಡಿಯುವಂತಿಲ್ಲ

ವಿರೂಪಾಕ್ಷಪ್ಪನವರು ಐವತ್ತು ವರ್ಷಗಳ ಹಿಂದೆ ಜೈಲಿಗೆ ಹೋಗಿದ್ದರು. ಹೋದವರು ಬಿಡುಗಡೆಯಾಗಿ ಬಂದದ್ದೂ ನಿಜವೇ. ಆದರೆ ಆ ಸುದ್ದಿ ಅವರ ಬಾಯಿಗೆ ಇನ್ನೂ ಮುಟ್ಟಿರಲಿಲ್ಲ. ಬ್ಯಾಡಗಿಯ ಅವರ ಮೆಣಸಿನಕಾಯಿ ದಲಾಲಿ ಅಂಗಡಿಗೆ ಬಂದವರು ಅಂದಿನ ದರ ಕೇಳುವ ಮೊದಲು ಬಳ್ಳಾರಿ ಜೈಲಿನ ಗಂಜಿಯ ರುಚಿ ಕೇಳಬೇಕಾಗುತ್ತಿತ್ತು. ತುರ್ತುಪರಿಸ್ಥಿತಿಯ ಕಾಲದಲ್ಲಿ, ಇನ್ನೂ ಮೀಸೆ ಬಲಿಯದ ಹುಡುಗನಾಗಿದ್ದಾಗ, ರಾಣೇಬೆನ್ನೂರಿನ ರೈಲು ನಿಲ್ದಾಣದಲ್ಲಿ ತಗಡಿನ ಡಬ್ಬಿಯ ಮೇಲೆ ನಿಂತು ಒಂದು ಕರಪತ್ರವನ್ನು ಗಟ್ಟಿಯಾಗಿ ಓದಿದ್ದರು. ಪೊಲೀಸರು ಅರ್ಧಕ್ಕೇ ಎಳೆದುಕೊಂಡು ಹೋದರು. ಉಳಿದರ್ಧವನ್ನು ಅವರು ಅಲ್ಲಿಂದೀಚೆಗೆ ಓದುತ್ತಲೇ ಬಂದಿದ್ದಾರೆ.

ಪ್ರತಿ ವರ್ಷ ಜೂನ್ ಕೊನೆಗೆ ಹಾವೇರಿಯಲ್ಲಿ ಅವರಿಗೆ ಸನ್ಮಾನ. ಅದಕ್ಕೆಂದೇ ಲೋಕತಂತ್ರ ಸ್ಮರಣ ಸಮಿತಿ ಎಂಬುದೊಂದಿತ್ತು. ಅದರಲ್ಲಿದ್ದವರೆಲ್ಲ ಎಪ್ಪತ್ತು ದಾಟಿದವರು. ಲೋಕತಂತ್ರವನ್ನು ವರ್ಷಕ್ಕೊಮ್ಮೆ, ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ, ತಪ್ಪದೇ ಸ್ಮರಿಸುತ್ತಿದ್ದರು. ಒಂದು ಶಾಲು, ಒಂದು ಬುಟ್ಟಿ ಹಣ್ಣು, ಮೇಲೊಂದು ಏಲಕ್ಕಿ ಹಾರ. ಹಾವೇರಿಯಲ್ಲಿ ದೊಡ್ಡವರ ಕೊರಳಿಗೆ ಬರೀ ಹೂವಿನ ಹಾರ ಹಾಕಿದರೆ ಬೈದಂತೆಯೇ. ಏಲಕ್ಕಿ ಪೋಣಿಸಿ, ಜರಿ ಸುತ್ತಿ ಕಟ್ಟಿದ ಹಾರವೇ ಆಗಬೇಕು. ಅದು ಕೊರಳಿಗೆ ಬಿದ್ದ ಮನುಷ್ಯನಿಗೆ ಊರು ತಾನಾಗಿ ದಾರಿ ಬಿಡುತ್ತದೆ. ಅವನು ಯಾರು, ಏನು ಮಾಡಿದ್ದಾನೆ ಎಂದು ಯಾರೂ ಕೇಳುವುದಿಲ್ಲ.

ಹಾರ ಬಿದ್ದ ಮೇಲೆ ವಿರೂಪಾಕ್ಷಪ್ಪನವರ ಭಾಷಣ. ಅದರಲ್ಲಿ ಒಂದು ಮಾತು ಬರುತ್ತಿತ್ತು: "ಪ್ರಶ್ನೆ ಕೇಳಿದವನನ್ನು ಒಳಗೆ ಹಾಕುವವರಿಗೆ ಉತ್ತರ ಗೊತ್ತಿಲ್ಲವೆಂದೇ ಅರ್ಥ. ಅಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡು ಮನೆಯಲ್ಲಿ ಕೂತವನು ಜೈಲರನ ತಮ್ಮ." ಇಲ್ಲಿ ಚಪ್ಪಾಳೆ ಎಂಬುದು ಸಮಿತಿಯ ಹಿರಿಯರಿಗೆ ರೂಢಿಯಾಗಿತ್ತು. ನಿದ್ದೆ ಹೋದವರೂ ಆ ಮಾತು ಬಂದೊಡನೆ ಎದ್ದು ಚಪ್ಪಾಳೆ ತಟ್ಟಿ ಮತ್ತೆ ಮಲಗುತ್ತಿದ್ದರು.

ಈ ಸಲ ಐವತ್ತನೇ ವರ್ಷವೆಂದು ಎಲ್ಲವೂ ದೊಡ್ಡದು. ಆದರೆ ವಿರೂಪಾಕ್ಷಪ್ಪನವರಿಗೆ ಬೇಕಾಗಿದ್ದದ್ದು ಒಂದೇ: ಮೊದಲ ಸಾಲಿನಲ್ಲಿ ಮೊಮ್ಮಗಳು ಶ್ವೇತಾ ಕೂತಿರಬೇಕು. ಚಿಕ್ಕವಳಿದ್ದಾಗ ಜೈಲಿನ ಕಥೆ ಕೇಳದೆ ಆಕೆ ಊಟ ಮಾಡುತ್ತಿರಲಿಲ್ಲ. ಹಾವೇರಿಯಲ್ಲಿ ಕಾನೂನು ಓದಲು ಶುರು ಮಾಡಿದ ಮೇಲೆ ಕಥೆ ಕೇಳುವುದನ್ನು ಬಿಟ್ಟು ಪ್ರಶ್ನೆ ಕೇಳತೊಡಗಿದ್ದಳು. ಅದರಿಂದ ಅವರಿಗೆ ನೋವಾಗಿತ್ತು, ಹೇಳಿಕೊಂಡಿರಲಿಲ್ಲ.

ಸನ್ಮಾನದ ದಿನ ಬೆಳಿಗ್ಗೆಯೇ ಜಗಳವಾಯಿತು. ಶ್ವೇತಾಳ ಕಾಲೇಜಿನ ದುರ್ಗೇಶ ಎಂಬ ಹುಡುಗ ತನ್ನ ಫೋನಿನಿಂದ ಊರಿಗೆಲ್ಲ ಕಾಣುವಂತೆ ಒಂದು ಪ್ರಶ್ನೆ ಹಾಕಿದ್ದ: ನಮ್ಮ ಓಣಿಯ ಗಟಾರಕ್ಕೆ ಎರಡು ಸಲ ಉದ್ಘಾಟನೆ ಆಯಿತು, ನೀರು ಹರಿಯುವುದು ಯಾವಾಗ? ಉತ್ತರಕ್ಕೆ ಬದಲಾಗಿ ಪೊಲೀಸರು ಬಂದು ಅವನನ್ನು ಕರೆದೊಯ್ದರು. ಹುಡುಗರು ಗದ್ದಲ ಮಾಡಿಯಾರೆಂದು, ಊರೊಳಗೆ ಐದು ಜನ ಗುಂಪು ಕೂಡುವಂತಿಲ್ಲ ಎಂಬ ಹುಕುಂ ಬೇರೆ ಬಂತು. ಶ್ವೇತಾ ಮತ್ತು ಗೆಳತಿಯರು ಇಂದು ರಸ್ತೆಯಲ್ಲಿ ಕೂಡುವುದೆಂದು ನಿಶ್ಚಯಿಸಿದ್ದರು.

"ಹೋರಾಟ ಅಂದ್ರ ಹಂಗಲ್ಲ, ತಂಗಿ," ವಿರೂಪಾಕ್ಷಪ್ಪನವರು ಇಸ್ತ್ರಿಯಾದ ಜುಬ್ಬಾ ತೊಡುತ್ತ ತಿಳಿವಳಿಕೆ ಹೇಳಿದರು. "ಮೊದ್ಲ ಪರ್ಮಿಶನ್ ತಗೋಬೇಕು. ಒಂದು ಮನವಿ ಬರೀಬೇಕು. ಸಾಹೇಬ್ರು ಹೊರಗ ಬಂದು ಇಸಗೋತಾರ, ಫೋಟೋ ಆಗತೈತಿ, ಚಾ ಕುಡದು ಮನಿಗೆ ಬರೂದು."

"ನೀ ರಾಣೇಬೆನ್ನೂರ ಸ್ಟೇಶನ್ನಿನ್ಯಾಗ ಡಬ್ಬಿ ಹತ್ತಿದಾಗ ಪರ್ಮಿಶನ್ ತಗೊಂಡಿದ್ದೇನಜ್ಜಾ?"

"ಅವಾಗಿನ ಮಾತ ಬ್ಯಾರೆ."

"ಅವಾಗ ನೀನ ಬ್ಯಾರೆ ಇದ್ದಿ. ಈಗ ನೀ ನಮ್ಮ ಅಂಗಡಿ ಮಾಲಿನಂಗ ಆಗೀದಿ. ಬ್ಯಾಡಗಿ ಮೆಣಸಿನಕಾಯಿ. ಬಣ್ಣ ಬಾಳ, ಖಾರ ಕಡಿಮಿ."

ಹೇಳಿ ಬಸ್ಸಿಗೆ ಹೊರಟೇಬಿಟ್ಟಳು. ವಿರೂಪಾಕ್ಷಪ್ಪನವರು ಹೆಂಡತಿಯ ಕಡೆ ನೋಡಿದರು. ಮುತ್ತವ್ವ ಶಾಲು ಮಡಚುತ್ತಿದ್ದರು.

"ಹುಡುಗಿ ಸುಳ್ಳೇನ ಹೇಳ್ಯಾಳ್ರಿ?" ಎಂದರು.

ಹಾವೇರಿಯ ಸಭಾಭವನದ ಗೇಟಿನ ಮುಂದೆ ಗಂಡ ಹೆಂಡತಿ ಬಂದ ಕಾರು ನಿಂತಾಗ ಶ್ವೇತಾ ಅಲ್ಲೇ ಇದ್ದಳು, ಆದರೆ ಮೊದಲ ಸಾಲಿನಲ್ಲಿ ಅಲ್ಲ. ಗೇಟಿನ ಹೊರಗೆ ಡಾಂಬರಿನ ಮೇಲೆ ಕೂತ ಹತ್ತು ಹನ್ನೆರಡು ಹುಡುಗ ಹುಡುಗಿಯರ ನಡುವೆ ನಿಂತು ಏನನ್ನೋ ಓದುತ್ತಿದ್ದಳು. ಒಳಗೆ ಮುನ್ನೂರು ಕುರ್ಚಿ ಹಾಕಿದ ಗುಂಪಿಗೆ ಪರವಾನಗಿ ಇತ್ತು. ಹೊರಗೆ ನೆಲದ ಮೇಲೆ ಕೂತದ್ದು ಗುಂಪು.

ಇನ್‌ಸ್ಪೆಕ್ಟರ್ ಓಡಿ ಬಂದು ಕಾರಿನ ಬಾಗಿಲು ತೆಗೆದ. "ನಮಸ್ಕಾರ್ರಿ ಸರ. ಅಲ್ಲಿ ಓದಾಕತ್ತಾಕಿ ನಿಮ್ಮ ಮೊಮ್ಮಗಳಂತ. ಒಂದೀಟು ಬುದ್ಧಿ ಹೇಳಿ ಎಬ್ಬಸ್ರಿ. ಎಂಥಾ ಬೆಂಕಿ ಹಚ್ಚೂ ಮಾತು ಓದಾಕತ್ತಾಳ ಕೇಳ್ರಿ. ಇದನ್ನ ಬರದವನ್ನ ಮೊದ್ಲ ಒಳಗ ಹಾಕಬೇಕು ನೋಡ್ರಿ."

ವಿರೂಪಾಕ್ಷಪ್ಪನವರು ಕಿವಿಗೊಟ್ಟರು. "...ಬಾಯಿ ಮುಚ್ಚಿಕೊಂಡು ಮನೆಯಲ್ಲಿ ಕೂತವನು ಜೈಲರನ ತಮ್ಮ" ಎಂದು ಶ್ವೇತಾ ಓದುತ್ತಿದ್ದಳು. ಕೈಯಲ್ಲಿ ಇದ್ದದ್ದು ಸಮಿತಿಯ ಹೋದ ವರ್ಷದ ಸ್ಮರಣ ಸಂಚಿಕೆ. ಮುಖಪುಟದ ಮೇಲೆ ಹಾರ ಹಾಕಿಕೊಂಡ ವಿರೂಪಾಕ್ಷಪ್ಪನವರೇ ನಗುತ್ತಿದ್ದರು.

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಬ್ಯಾಡಗಿಯಿಂದ ಮಗ, ಶ್ವೇತಾಳ ಅಪ್ಪ ಸಿದ್ದಲಿಂಗೇಶ. "ಅಪ್ಪಾ, ಸುದ್ದಿ ಗೊತ್ತಾತು. ನೀ ಏನೂ ಮಾತಾಡಬ್ಯಾಡ. ಮುಂದಿನ ವಾರ ಅಂಗಡಿ ಲೈಸೆನ್ಸ್ ರಿನ್ಯೂ ಐತಿ. ಸನ್ಮಾನ ಮಾಡಿಸ್ಕೊಂಡು ಸುಮ್ನ ಬಾ." ತುರ್ತುಪರಿಸ್ಥಿತಿ ಮುಗಿದ ಮೇಲೆ ಹುಟ್ಟಿದ ಈ ಮಗ ಒಂದು ದಿನವೂ ಯಾರನ್ನೂ ಏನನ್ನೂ ಕೇಳಿದವನಲ್ಲ. ಅದನ್ನೇ ವಿರೂಪಾಕ್ಷಪ್ಪನವರು ಇಷ್ಟು ದಿನ ಒಳ್ಳೆಯ ನಡತೆ ಎಂದುಕೊಂಡಿದ್ದರು.

ಶ್ವೇತಾ ಓದು ನಿಲ್ಲಿಸಿ ಅಜ್ಜನ ಕಡೆ ನೋಡಿದಳು. ಯಾರು ಬರೆದದ್ದು ಎಂದು ಇನ್‌ಸ್ಪೆಕ್ಟರನಿಗೆ ಹೇಳಿ ಅವಳು ಪಾರಾಗಬಹುದಿತ್ತು. ಹೇಳಲಿಲ್ಲ. ವಿರೂಪಾಕ್ಷಪ್ಪನವರಿಗೆ ಹಾರ ನೆನಪಾಯಿತು, ಲೈಸೆನ್ಸ್ ನೆನಪಾಯಿತು, ರಾತ್ರಿ ತೆಗೆದುಕೊಳ್ಳುವ ಬಿಪಿ ಗುಳಿಗೆಯೂ ನೆನಪಾಯಿತು.

"ಅದು... ಅದು ನಾ ಬರದದ್ದು," ಎಂದರು.

ಇನ್‌ಸ್ಪೆಕ್ಟರ್ ಒಂದು ಗಳಿಗೆ ಗಾಬರಿಯಾಗಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಸರ ಬಾಳ ಚ್ಯಾಷ್ಟಿ ಮಾಡ್ತೀರಿ. ನೀವು ಬರದದ್ದು ಅವಾಗಿನ ಸುದ್ದಿ. ಇವ್ರು ಓದಾಕತ್ತಿದ್ದು ಈಗಿನದು. ಮಾತು ಒಂದ ಇದ್ರೂ ಗುನ್ನೆ ಬ್ಯಾರೆ ಬ್ಯಾರೆ ಆಗತೈತ್ರಿ."

ನಗುನಗುತ್ತಲೇ ಹುಡುಗರನ್ನು ವ್ಯಾನಿಗೆ ಹತ್ತಿಸಿದ. ವಿರೂಪಾಕ್ಷಪ್ಪನವರು ಹಿಂದಿನಿಂದ ಹೋಗಿ ಮೆಟ್ಟಿಲ ಮೇಲೆ ಕಾಲಿಟ್ಟರು. ಇಬ್ಬರು ಪೊಲೀಸರು ರಟ್ಟೆ ಹಿಡಿದು, ದೇವರ ಪಲ್ಲಕ್ಕಿ ಇಳಿಸುವಷ್ಟು ಮರ್ಯಾದೆಯಿಂದ ಅವರನ್ನು ಕೆಳಗಿಳಿಸಿದರು. ಜಾಳಿಗೆಯ ಕಿಟಕಿಯಿಂದ ಶ್ವೇತಾ, "ಹೋಗಜ್ಜಾ, ಸನ್ಮಾನಕ್ಕ ತಡಾ ಆಗತೈತಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

ಒಳಗೆ ಹಾರ ಬಿತ್ತು. ಎದುರಿನ ಹಾರದಂಗಡಿಯ ಮುದುಕಿ ರಹಿಮತಬಿ ತಿಂಗಳಿಡೀ ಕೂತು ಪೋಣಿಸಿದ ಐದೆಳೆಯ ಹಾರ. ಹೊಕ್ಕುಳ ದಾಟಿ ಇಳಿಯುತ್ತಿತ್ತು. ವಿರೂಪಾಕ್ಷಪ್ಪನವರು ಮೈಕಿನ ಮುಂದೆ ನಿಂತು ಬರೆದು ತಂದದ್ದನ್ನು ಬದಿಗಿಟ್ಟರು.

"ಇವತ್ತು ಹೊಸಾ ಮಾತು ಹೇಳ್ತೀನಿ. ಗಟಾರದ ಸುದ್ದಿ ಕೇಳಿದ ಹುಡುಗನ್ನ ಹಿಡದಾರ. ಅವನ ಸಲುವಾಗಿ ಕುಂತ ನನ್ನ ಮೊಮ್ಮಗಳನ್ನ ಈಗ, ಈ ಗೇಟಿನ ಹೊರಗ, ಎಳಕೊಂಡ ಹೋಗ್ಯಾರ. ಆಕಿ ಓದಿದ್ದು ನನ್ನ ಭಾಷಣ!"

ಚಪ್ಪಾಳೆಯೋ ಚಪ್ಪಾಳೆ. ಮುನ್ನೂರು ಜನ ಎದ್ದು ನಿಂತರು.

"ಚಪ್ಪಾಳಿ ಹೊಡೀಬ್ಯಾಡ್ರಿ! ನಾವೆಲ್ಲಾ ಜೈಲರನ ತಮ್ಮಂದಿರು!"

ಇನ್ನೂ ಜೋರು ಚಪ್ಪಾಳೆ. ಕಾರ್ಯದರ್ಶಿ ಗುಡದಪ್ಪ ಕಿವಿಯ ಹತ್ತಿರ ಬಂದು, "ಈ ಸಲ ಭಾಷಣ ಬಾಳ ಖಡಕ್ ಆತು ಬಿಡ್ರಿ. ಅವಾಗಿನದೆಲ್ಲಾ ಕಣ್ಣಿಗೆ ಕಟ್ಟಿದಂಗಾತು," ಎಂದು ಕಣ್ಣೊರೆಸಿಕೊಂಡ.

ವಿರೂಪಾಕ್ಷಪ್ಪನವರು ವೇದಿಕೆ ಇಳಿದರು. ಹಾರದ ಪ್ರಭಾವ, ಜನ ದಾರಿ ಬಿಟ್ಟರು. ಸೀದಾ ಗೇಟಿನ ಹೊರಗೆ ಹೋಗಿ, ಹುಡುಗರು ಕೂತಿದ್ದ ಜಾಗದಲ್ಲಿ, ನೆಲಕ್ಕೆ ಕೈಯೂರಿ ಕೂತರು. ಕಾವಲಿಗೆ ಬಿಟ್ಟು ಹೋಗಿದ್ದ ಪೊಲೀಸ್ ಯಲ್ಲೇಶ ಗಡಬಡಿಸಿ ಬಂದ.

"ಯಜಮಾನ್ರ, ಇಲ್ಲಿ ಕುಂದ್ರಂಗಿಲ್ರಿ."

ಐವತ್ತು ವರ್ಷಗಳ ಮೇಲೆ ಪೊಲೀಸನೊಬ್ಬ ಅವರಿಗೆ ಹೀಗೆ ಅಂದಿದ್ದ. ವಿರೂಪಾಕ್ಷಪ್ಪನವರಿಗೆ ಹರೆಯ ಬಂದಂತಾಯಿತು. "ಹಂಗಾರ ಹಿಡಕೊಂಡ ಹೋಗು," ಎಂದರು.

"ಹೆಂಗ ಹಿಡೀಲಿರಿ? ಐದು ಮಂದಿ ಆದ್ರ ಗುಂಪು, ಒಬ್ಬರು ಕುಂತರ ಗುಂಪಾಗೂದಿಲ್ಲ. ಮ್ಯಾಲೆ ಏಲಕ್ಕಿ ಹಾರ ಹಾಕ್ಕೊಂಡೀರಿ. ಹಾರ ಹಾಕ್ಕೊಂಡವ್ರನ್ನ ಜೀಪು ಹತ್ತಿಸಿದ್ರ ಊರಾಗಿನ ಮಂದಿ ನನ್ನ ಬಿಡ್ತಾರೇನ್ರಿ?"

ಒಬ್ಬರಿಂದ ಆಗದು ಎಂದಮೇಲೆ ಹೋರಾಟಗಾರರ ಇಡೀ ದಂಡೇ ಒಳಗಿತ್ತಲ್ಲ. ವಿರೂಪಾಕ್ಷಪ್ಪನವರು ಹೇಳಿ ಕಳಿಸಿದರು. ಬಹಳ ಹೊತ್ತಿನ ಮೇಲೆ ಗುಡದಪ್ಪನೊಬ್ಬ ಬಾಯಿ ಒರೆಸಿಕೊಳ್ಳುತ್ತ ಬಂದ.

"ಊಟಕ್ಕ ಏಳ್ರಿ, ಹೋಳಿಗಿ ಆರಾಕತ್ತಾವು. ನಾ ಕುಂದ್ರತಿದ್ದೆ, ಮಳಕಾಲಿನ ತ್ರಾಸ ನೋಡ್ರಿ. ನೆಲಕ್ಕ ಕುಂತರ ಏಳಾಕ ಬರೂದಿಲ್ಲ."

"ಏಳಬಾರದಂತನ ಕುಂದ್ರು ಅನ್ನಾಕತ್ತೇನಿ."

ಗುಡದಪ್ಪ ತುಪ್ಪ ನೆನಪಾಗಿ ಒಳಗೆ ಹೋದ. ಅವನ ಹಿಂದೆಯೇ ಮುತ್ತವ್ವ ಹೊರಬಂದರು. ಗಂಡನನ್ನು ಮೇಲಿಂದ ಕೆಳಗೆ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಪಕ್ಕದಲ್ಲಿ ಕೂತರು.

"ನೀವು ಬಳ್ಳಾರ್ಯಾಗ ಕುಂತಾಗ ನಾ ಹೊಸಾ ಮದಿವ್ಯಾದಾಕಿ, ಬ್ಯಾಡಗ್ಯಾಗ ಒಬ್ಬಾಕಿನ ಕುಂತಿದ್ದೆ. ಅದರ ಸುದ್ದಿ ಒಂದು ಭಾಷಣದಾಗೂ ಬರಲಿಲ್ಲ. ಈ ಸಲ ನಾನೂ ಬರ್ತೀನಿ."

ವಿರೂಪಾಕ್ಷಪ್ಪನವರು ತುಸು ಸರಿದು ಹೆಂಡತಿಗೆ ಜಾಗ ಬಿಟ್ಟರು. ಭಾಷಣಕಾರರಿಗೆ ಅದು ಅಪರೂಪ.

ತುಂತುರು ಶುರುವಾಯಿತು. ರಸ್ತೆಯ ಆಚೆಯಿಂದ ರಹಿಮತಬಿ ಛತ್ರಿ ಹಿಡಿದು ಓಡಿ ಬಂದಳು. "ಸಾವ್ಕಾರ್ರ, ಹಾರ ತೋಯಾಕತ್ತೈತ್ರಿ! ಜರಿ ಕಪ್ಪಾಗತೈತಿ!" ಎನ್ನುತ್ತ ಹಾರಕ್ಕೆ ಛತ್ರಿ ಹಿಡಿದು ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ಯಲ್ಲೇಶ ದುರುಗುಟ್ಟಿ ನೋಡಿದ.

"ನಾ ಹಾರದ ಸಲುವಾಗಿ ಕುಂತೇನಪಾ," ಎಂದಳು. ತುಸು ತಡೆದು, "ನನ್ನ ಮೊಮ್ಮಗಳು ಬೇನಜೀರನೂ ಅದ ವ್ಯಾನಿನ್ಯಾಗ ಹೋಗ್ಯಾಳ," ಎಂದು ಪೂರ್ತಿ ಚಕ್ಕಳಮಕ್ಕಳ ಹಾಕಿದಳು.

ಮೂವರಾದರು. ಮೂವರೂ ಗುಂಪಲ್ಲ. ಹೋಗುವ ಬರುವವರು ಯಾರೋ ದೊಡ್ಡ ಮನುಷ್ಯರು ಬಸ್ಸು ಕಾಯುತ್ತಿದ್ದಾರೆಂದು ಕೈಮುಗಿದು ಹೋಗುತ್ತಿದ್ದರು. ಸರ್ಕಾರವನ್ನು ನಡುಗಿಸಲು ಕೂತವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ?

ಇಳಿಹೊತ್ತಿಗೆ ಸಿದ್ದಲಿಂಗೇಶನ ಕಾರು ಬಂತು. ಠಾಣೆಗೆ ಹೋಗಿ, ಅವರಿವರ ಕೈಕಾಲು ಹಿಡಿದು, ಮಗಳನ್ನೂ ಬೇನಜೀರಳನ್ನೂ ಬಿಡಿಸಿಕೊಂಡು ಬಂದಿದ್ದ. ಉಳಿದ ಹುಡುಗರನ್ನೂ ಗದರಿಸಿ ಬಿಟ್ಟಿದ್ದರು. ದುರ್ಗೇಶನನ್ನು ಮಾತ್ರ ಬಿಟ್ಟಿರಲಿಲ್ಲ. ರಸ್ತೆಯಲ್ಲಿ ಅಪ್ಪ ಅವ್ವ ಇಬ್ಬರನ್ನೂ ಕಂಡು ಸಿದ್ದಲಿಂಗೇಶ ಬ್ರೇಕ್ ಒತ್ತಿದ. ಆಮೇಲೆ ಯಾರಾದರೂ ನೋಡಿಯಾರೆಂದು ಕಾರಿನ ಗಾಜು ಏರಿಸಿಕೊಂಡ.

ಶ್ವೇತಾ ಇಳಿದು ಬಂದಳು. ಅಜ್ಜನ ತೋಯ್ದ ಜುಬ್ಬಾ, ಕೊರಳಲ್ಲಿನ ಹಾರ, ಮೇಲಿನ ಛತ್ರಿ ನೋಡಿದಳು.

"ಇದೇನಜ್ಜಾ? ನಿನ್ನ ಹಿಡೀಲಿಲ್ಲೇನು?"

"ಎಷ್ಟ ಬೇಡಿಕೊಂಡರೂ ಹಿಡೀವಲ್ಲರು, ತಂಗಿ," ಎಂದರು ವಿರೂಪಾಕ್ಷಪ್ಪನವರು.

ಶ್ವೇತಾ ನಕ್ಕಳು. ಚಿಕ್ಕವಳಿದ್ದಾಗ ತುತ್ತು ಬಾಯಲ್ಲಿಟ್ಟುಕೊಂಡು ನಗುತ್ತಿದ್ದ ಹಾಗೆಯೇ ನಕ್ಕಳು. "ಒಂದೀಟು ಸರಿ," ಎಂದು ಅವರ ಪಕ್ಕದಲ್ಲಿ ಕೂತಳು. ಬೇನಜೀರ ಬಂದು ತನ್ನಜ್ಜಿಯ ಕೈಯಿಂದ ಛತ್ರಿ ತೆಗೆದುಕೊಂಡು ಕೂತಳು. ಸಿದ್ದಲಿಂಗೇಶನ ಕಾರಿನ ಹಾರ್ನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.

ಯಲ್ಲೇಶನ ತುಟಿ ಎಣಿಕೆಯಲ್ಲಿ ಅಲುಗತೊಡಗಿತು. ಎಣಿಸಿ ಮುಗಿಸುವ ಮನಸ್ಸು ಅವನಿಗೂ ಇರಲಿಲ್ಲ. ಕೈ ಮಾತ್ರ ಫೋನಿನ ಕಡೆ ಹೋಯಿತು. "ಯಜಮಾನ್ರ, ನೀವು ಹಾರ ಹಾಕ್ಕೊಂಡೀರಿ, ನಿಮ್ಮನ್ನ ಬಿಟ್ಟು ಎಣಸ್ತೀನ್ರಿ," ಎಂದ ಬೇಡುವ ದನಿಯಲ್ಲಿ.

ವಿರೂಪಾಕ್ಷಪ್ಪನವರು ಎರಡೂ ಕೈಯಿಂದ ಹಾರವನ್ನೆತ್ತಿ, ತಲೆಯಿಂದ ಬಿಡಿಸಿ, ಯಲ್ಲೇಶನ ಕೈಗೆ ಕೊಟ್ಟರು.

"ಇದನ್ನ ಹಿಡಕೋ," ಎಂದರು. "ಈಗ ಎಣಸು."