ನಿನ್ನೆ ಏನು ಮಾಡಿದಿರಿ?

“ಎದ್ದೆ. ತಿಂದೆ. ಮಲಗಿದೆ,” ಎಂದ ಹುಶಂಗ್.

ತರಗತಿ ನಕ್ಕಿತು. ನಿಯೆವೆಸ್ ಟೀಚರ್ ನಗಲಿಲ್ಲ. ತಿಂದದ್ದಕ್ಕೂ ಮಲಗಿದ್ದಕ್ಕೂ ನಡುವೆ ಮನುಷ್ಯ ಏನಾದರೂ ಮಾಡಿಯೇ ಇರುತ್ತಾನೆ ಎಂಬುದು ಅವಳ ನಂಬಿಕೆ.

“ಮಧ್ಯೆ ಏನ್ ಮಾಡಿದ್ರಿ?”

“ಮಧ್ಯೆ... ಕೂತೆ.”

ಕ್ರಿಯಾಪದ ತಪ್ಪಿರಲಿಲ್ಲ. ಅವಮಾನವಿದ್ದದ್ದು ಅಲ್ಲೇ. ಐವತ್ಮೂರನೆಯ ವಯಸ್ಸಿನಲ್ಲಿ ಸ್ಪ್ಯಾನಿಶ್ ಭೂತಕಾಲವನ್ನು ಮಗ್ಗಿಯ ಹಾಗೆ ಉರು ಹೊಡೆದಿದ್ದ. ನಾನು ಹೋದೆ, ನೀನು ಹೋದೆ, ಅವರು ಹೋದರು. ಎಲ್ಲಿ ಕೇಳಿದರೂ ತಡವರಿಸುತ್ತಿರಲಿಲ್ಲ. ಹೇಳಿಕೊಳ್ಳಲು ಒಂದು ನಿನ್ನೆ ಮಾತ್ರ ಇರಲಿಲ್ಲ.

ಪಕ್ಕದ ಬೆಂಚಿನ ಒಲೆನಾ, ಉಕ್ರೇನಿನವಳು, ಎರಡೂವರೆ ನಿಮಿಷ ಮಾತಾಡಿದಳು. ಹೋಟೆಲಿನ ಹದಿನಾರು ಕೋಣೆ ಗುಡಿಸಿದಳಂತೆ, ಮೇಲ್ವಿಚಾರಕಿಯ ಹತ್ತಿರ ಜಗಳ ಕಾದಳಂತೆ, ಬಸ್ಸಿನಲ್ಲಿ ಕಣ್ಣೀರು ಹಾಕಿ ಮನೆಗೆ ಹೋಗಿ ಕುಣಿದಳಂತೆ. ನಾಲ್ಕಕ್ಕೆ ಮೂರು ತಪ್ಪು. ಎಲ್ಲರೂ ಚಪ್ಪಾಳೆ ತಟ್ಟಿದರು.

“ನಾಳೆ ಪರೀಕ್ಷೆ,” ಎಂದಳು ನಿಯೆವೆಸ್. “ಐದು ನಿಮಿಷ. ನಿನ್ನೆ ಏನ್ ಮಾಡಿದ್ರಿ ಅಂತ ಹೇಳಿದ್ರೆ ಆಯ್ತು. ಹುಶಂಗ್, ಏನೂ ಇಲ್ದಿದ್ರೆ ಕತೆ ಕಟ್ಟಿ ಹೇಳಿ. ನೋಡೋಕೆ ನಾನೇನು ನಿಮ್ಮನೆಗೆ ಬರ್ತೀನಾ?”

“ನಾನು ಕಟ್ಟುವುದಿಲ್ಲ,” ಎಂದ. “ನಾನು ಅಳೆಯುತ್ತೇನೆ.”

ಯಾರಿಗೂ ಅರ್ಥವಾಗಲಿಲ್ಲ. ಇರಾನಿನ ಶಿರಾಜಿನಲ್ಲಿ ಇಪ್ಪತ್ತಾರು ವರ್ಷ ಭೂಮಾಪನ ಕಲಿಸಿದವನು ಅವನು. ನೀವು ಹೋಗಿ ನಿಲ್ಲದ ಜಾಗದ ಎತ್ತರ ಬರೆಯಬೇಡಿ ಎಂದು ವರ್ಷದ ಮೊದಲ ದಿನವೇ ಹುಡುಗರಿಗೆ ಹೇಳುತ್ತಿದ್ದ. ಹಾಗೆ ಬರೆದ ಒಬ್ಬನನ್ನು ಫೇಲು ಮಾಡಿ ಅವನ ಶ್ರೀಮಂತ ಅಪ್ಪನನ್ನು ಎದುರು ಹಾಕಿಕೊಂಡಿದ್ದ. ಇಲ್ಲಿ ಸ್ಪೇನಿನ ಸರಗೋಸಾದಲ್ಲಿ ರಸ್ತೆ ಅಳೆಯುವ ಒಂದು ಕಂಪನಿ ಅವನನ್ನು ಸಹಾಯಕನಾಗಿ ತೆಗೆದುಕೊಳ್ಳಲು ಒಪ್ಪಿತ್ತು. ಈ ಪರೀಕ್ಷೆ ಪಾಸಾದ ಪ್ರಮಾಣಪತ್ರವನ್ನು ಶುಕ್ರವಾರದೊಳಗೆ ತೋರಿಸಬೇಕು, ಅಷ್ಟೆ.

ನಾಳೆಯ ನಿನ್ನೆ ಎಂದರೆ ಇವತ್ತು. ಇನ್ನೂ ಬೆಳಗಿನ ಹನ್ನೊಂದು ಗಂಟೆ. ಹುಶಂಗ್ ನೋಟ್‌ಬುಕ್ಕಿನಲ್ಲಿ ಒಂಬತ್ತು ಕ್ರಿಯಾಪದ ಬರೆದುಕೊಂಡು ಹೊರಟ.

ನಡೆದ. ಕಲ್ಲಿನ ಸೇತುವೆಯ ಮೇಲೆ ಎಬ್ರೊ ನದಿ ದಾಟಿದ. ಗಾಳಿ ಟೊಪ್ಪಿ ಹಾರಿಸಿಕೊಂಡು ಹೋಗುವಂತಿತ್ತು; ಹಾರಿದ್ದರೆ ಒಂದು ವಾಕ್ಯವಾಗುತ್ತಿತ್ತು, ಹಾರಲಿಲ್ಲ. ನೀರು ನೋಡಿದ. ಅಂಗಡಿಯಲ್ಲಿ ನಿಂತು ಕಾಫಿ ಕುಡಿದ. ಬಟ್ಟಲು ಖಾಲಿಯಾಗುವ ಮೊದಲೇ ಕುಡಿ ಎಂಬುದರ ಎದುರು ಗುರುತು ಹಾಕಿದ. ಪೀಚ್ ಹಣ್ಣು ಕೊಂಡ. ಅಂಚೆ ಪೆಟ್ಟಿಗೆಗೆ ಒಂದು ಕಾಗದವನ್ನೂ ಹಾಕಿದ. ವಿಳಾಸ ಶಿರಾಜಿನ ಹಳೆಯ ಮನೆಯದೇ. ಅಲ್ಲಿ ಈಗ ಯಾರಿದ್ದಾರೋ ಗೊತ್ತಿಲ್ಲ, ಆದರೆ ಹಾಕಿದ್ದಂತೂ ನಿಜ.

ಉದ್ಯಾನದ ಬೆಂಚಿನ ಮೇಲೆ ಕೂತು ಎಲ್ಲವನ್ನೂ ಭೂತಕಾಲದಲ್ಲಿ ಗಟ್ಟಿಯಾಗಿ ಓದಿದ. ಗಡಿಯಾರ ನೋಡಿದ. ನಲವತ್ತೆಂಟು ಸೆಕೆಂಡು.

ಇನ್ನು ನಾಲ್ಕು ನಿಮಿಷ ಹನ್ನೆರಡು ಸೆಕೆಂಡಿನಷ್ಟು ಬದುಕು ಬೇಕಾಗಿತ್ತು. ಹುಶಂಗ್‌ಗೆ ಭಯವಾಯಿತು. ಆದರೂ ಎದ್ದ. ಸಂಜೆಯೊಳಗೆ ಸಿಕ್ಕಿಯೇ ಸಿಗುತ್ತದೆ ಎಂದುಕೊಂಡ.

ಸಿಕ್ಕಿತು, ತನ್ನ ಕಟ್ಟಡದ ಲಿಫ್ಟಿನಲ್ಲೇ. ಮೂರನೇ ಮಹಡಿಯ ಎವುಸೇಬಿಯೊ, ನಿವೃತ್ತ ರೈಲು ಚಾಲಕ, ಮಂಜುಗಡ್ಡೆಯ ಎರಡು ಚೀಲ ಹಿಡಿದುಕೊಂಡು ಒಳಗೆ ನುಗ್ಗಿದ.

“ಓಹೋ, ಕೆಳಗಿನ ಮನೆ ಸಾಹೇಬ್ರು! ನನಗೆ ಇವತ್ತು ಎಪ್ಪತ್ತು ತುಂಬ್ತು ಕಣ್ರೀ. ಏಳಕ್ಕೆ ಮೇಲೆ ಬನ್ನಿ, ಏನಾದ್ರೂ ಬಾಯಿಗೆ ಹಾಕ್ಕೊಳೋಣ. ನಿಮ್ಮನೆಯವ್ರೂ ಬರ್ಲಿ.”

ಹುಶಂಗ್‌ನ ಎದೆ ಜಿಗಿಯಿತು. ಹೋದೆ, ತಿಂದೆ, ನಕ್ಕೆ, ಹಾಡಿದೆ! ಬಲಗೈಯನ್ನು ಎದೆಯ ಮೇಲಿಟ್ಟು ತಲೆಬಾಗಿದ.

“ಬೇಡ, ಬೇಡ. ನಿಮಗೆ ತೊಂದರೆ.”

ಇದು ಮೊದಲನೆಯದು. ಮೊದಲ ಕರೆಗೇ ಎದ್ದು ಹೊರಡುವವನನ್ನು ಶಿರಾಜಿನಲ್ಲಿ ಊಟ ಕಾಣದವನು ಎನ್ನುತ್ತಾರೆ. ಎರಡನೆಯ ಸಲ ಕರೆಯುತ್ತಾರೆ, ಮತ್ತೆ ಬೇಡವೆನ್ನಬೇಕು. ಮೂರನೆಯ ಸಲ ತೋಳು ಹಿಡಿದು ಎಳೆಯುತ್ತಾರೆ, ಆಗ ಹೋಗಬೇಕು. ಕರೆದವನ ಮಾನವೂ ಬಂದವನ ಮಾನವೂ ಉಳಿಯುವುದು ಹಾಗೆ. ಹುಶಂಗ್ ತಲೆಬಾಗಿಸಿಕೊಂಡೇ ಎರಡನೆಯದಕ್ಕೆ ಕಾದ.

“ಸರಿ ಹಾಗಾದ್ರೆ, ನಿಮ್ಮಿಷ್ಟ,” ಎಂದ ಎವುಸೇಬಿಯೊ. ದನಿಯಲ್ಲಿ ಬೇಸರವೇನೂ ಇರಲಿಲ್ಲ.

ಎರಡನೇ ಮಹಡಿಯಲ್ಲಿ ಹುಶಂಗ್ ಇಳಿದ. ಲಿಫ್ಟು ಮೇಲೆ ಹೋಯಿತು. ಅದು ಮತ್ತೆ ಇಳಿದು ಬಂದೀತೆಂದು ಸ್ವಲ್ಪ ಹೊತ್ತು ಅಲ್ಲೇ ನಿಂತ.

ಬರುತ್ತಾನೆ. ಬಾಯುಪಚಾರಕ್ಕೆ ಬೇಡವೆಂದದ್ದು ಯಾವ ಮನುಷ್ಯನಿಗೆ ತಿಳಿಯುವುದಿಲ್ಲ? ಹುಶಂಗ್ ಸ್ನಾನ ಮಾಡಿ, ಟೈ ಕಟ್ಟಿ, ಬಾಗಿಲಿಗೆ ಎದುರಾಗಿ ಕುರ್ಚಿ ಎಳೆದುಕೊಂಡು ಕೂತ. ಏಳಾಯಿತು. ಮೇಲೆ ಕುರ್ಚಿಗಳು ಸರಿದವು, ಹೆಜ್ಜೆಗಳು ಓಡಾಡಿದವು, ಯಾರೋ ಹಾಡಿದರು. ಏಳೂವರೆ. ಎಂಟು. ಕರೆಗಂಟೆ ಬಾಯಿ ಬಿಡಲಿಲ್ಲ.

ಎಂಟೂಕಾಲಿಗೆ ನೋಟ್‌ಬುಕ್ ತೆರೆದ. “ನಿನ್ನೆ ಸಂಜೆ ನಾನು ಮೇಲಿನ ಮನೆಗೆ ಹೋದೆ,” ಎಂದು ಬರೆದ. ಮುಂದಿನದು ತಾನೇ ಬಂತು. ಎವುಸೇಬಿಯೊ ಅಪ್ಪಿಕೊಂಡ. ನಾವು ತಿಂದೆವು, ನಕ್ಕೆವು. ಎಲ್ಲರೂ ಹಾಡಿದರು, ನಾನೂ ಹಾಡಿದೆ. ಓದಿ ನೋಡಿದ: ನಾಲ್ಕು ನಿಮಿಷ ಐವತ್ತು ಸೆಕೆಂಡು, ಒಂದು ತಪ್ಪಿಲ್ಲ. ಬದುಕಿನಲ್ಲೇ ಮೊದಲ ಬಾರಿ ನಿಲ್ಲದ ಜಾಗದ ಎತ್ತರ ಬರೆದಿದ್ದ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಚೆನ್ನಾಗಿದೆ ಅನ್ನಿಸಿತು.

ಹೆಂಡತಿ ಸೊಹೈಲಾ ಒಳಗೆ ಬಂದಾಗ ಒಂಬತ್ತಕ್ಕೆ ಹತ್ತು ನಿಮಿಷವಿತ್ತು. ಲಾಂಡ್ರಿಯ ಸಮವಸ್ತ್ರದಲ್ಲೇ ಇದ್ದಳು. ಕೈಯಲ್ಲಿ ಕೇಕಿನ ತಟ್ಟೆ.

“ಎಲ್ಲಿದ್ದೆ?”

“ಮೇಲೆ. ಬರ್ತಾ ಮೆಟ್ಟಿಲಲ್ಲಿ ಎವುಸೇಬಿಯೊ ಸಿಕ್ಕಿದ್ರು, ಕರೆದ್ರು, ಹೋದೆ.”

“ಕರೆದ ತಕ್ಷಣ?”

“ಹಸಿವಾಗಿತ್ತು.” ತಟ್ಟೆ ಮೇಜಿನ ಮೇಲಿಟ್ಟಳು. “ನೀವು ಬರಲ್ಲ ಅಂದ್ರಂತೆ?”

“ಬರಲ್ಲ ಅಂತ ಎಲ್ಲಂದೆ? ಬೇಡ ಅಂದೆ.”

ಸೊಹೈಲಾ ಚಪ್ಪಲಿ ಬಿಚ್ಚುತ್ತ ಅವನ ಟೈ ನೋಡಿದಳು.

“ಇಲ್ಲಿಯವ್ರು ಒಂದೇ ಸಲ ಕರೆಯೋದು, ಹುಶಂಗ್ ಜಾನ್,” ಎಂದಳು, ಊರಿನ ಮುದ್ದು ಮಾತು ಸೇರಿಸಿ.

ನೋಟ್‌ಬುಕ್ ಮುಚ್ಚಲು ಅವನು ಕೈ ಚಾಚುವಷ್ಟರಲ್ಲಿ ಅವಳು ಎತ್ತಿಕೊಂಡಾಗಿತ್ತು. ತುಟಿಯಾಡಿಸುತ್ತ ಓದಿದಳು. ಒಮ್ಮೆ ನಕ್ಕಳು. ಆಮೇಲೆ ನಗಲಿಲ್ಲ.

“ಎಷ್ಟು ಚೆನ್ನಾಗಿ ಬರೆದಿದೀರಿ. ನನಗೆ ಈ ಜನ್ಮಕ್ಕೆ ಬರಲ್ಲ.” ಪುಟವನ್ನು ಅಂಗೈಯಿಂದ ಸವರಿದಳು. “ಆದ್ರೆ ಹಾಡಿದ್ದು ಯಾರೂ ಅಲ್ಲ, ಟೀವಿ. ಅವ್ರ ಹೆಂಡ್ತಿ ತೀರ್ಕೊಂಡ್ಮೇಲೆ ಮೊದಲ್ನೇ ಹುಟ್ಟುಹಬ್ಬ ಅಂತೆ. ಪಾಪ, ಅರ್ಧ ಹೊತ್ತು ಅಳ್ತಾನೇ ಇದ್ರು.”

ಹುಶಂಗ್ ಅವಳ ಕೈಯಿಂದ ನೋಟ್‌ಬುಕ್ ಈಸಿಕೊಂಡ. ಆಮೇಲೆ ಆ ಪುಟ ಹರಿದು, ನಾಲ್ಕಾಗಿ ಮಡಿಸಿ, ಕಸದ ಬುಟ್ಟಿಗೆ ಹಾಕಿದ.

“ಇನ್ನೂ ಹೊತ್ತು ಮೀರಿಲ್ಲ,” ಎಂದ.

“ಮೀರಿಲ್ಲ. ಬೆಲ್ ಒತ್ತಿ, ಒಳಗೆ ಹೋಗಿ. ಏನೂ ಹೇಳ್ಬೇಡಿ, ಸುಮ್ನೆ ಹೋಗಿ.”

ಹೊರಗೆ ಬಂದು, ಸ್ವಲ್ಪ ಹೊತ್ತು ಉರಿದು ತಾನೇ ಆರುವ ಮೆಟ್ಟಿಲ ದೀಪದ ಗುಂಡಿ ಒತ್ತಿದ. ಇವತ್ತು ಆ ಮನೆಯೊಳಗೆ ಕಾಲಿಟ್ಟೇ ಬರುವುದು. ಯಾರೂ ಕರೆಯದಿದ್ದರೂ ಸರಿ, ಮಾನ ಹೋದರೂ ಸರಿ. ಒಂದೊಂದೇ ಮೆಟ್ಟಿಲನ್ನು ಗಟ್ಟಿಯಾಗಿ ತುಳಿದು ಹತ್ತಿದ.

ಅರ್ಧದಲ್ಲಿ, ಮೆಟ್ಟಿಲು ತಿರುಗುವ ಕಡೆ, ಮೇಲಿನ ಬಾಗಿಲು ತೆರೆಯಿತು. ಅತಿಥಿಗಳು ಇಳಿಯತೊಡಗಿದರು. ದಪ್ಪ ಹೆಂಗಸೊಬ್ಬಳು ಕಟಕಟೆ ಹಿಡಿದು ಬಂದಳು. ಹುಶಂಗ್ ತಟ್ಟನೆ ಗೋಡೆಗೆ ಒತ್ತಿಕೊಂಡು ಹೊಟ್ಟೆ ಒಳಗೆಳೆದು, ಎದೆಯ ಮೇಲೆ ಕೈಯಿಟ್ಟ.

“ನೀವು ಮೊದಲು.”

ಅವಳು ಇಳಿದಳು. ಅವಳ ಹಿಂದೆ ಕೋಲಿನ ಮುದುಕ. “ನೀವು ಮೊದಲು.” ಆಮೇಲೆ ಇಬ್ಬರು ಅಕ್ಕತಂಗಿಯರು, ಖಾಲಿ ಪಾತ್ರೆ ಹಿಡಿದ ಒಬ್ಬ, ಫೋನಿನಲ್ಲಿ ಮಾತಾಡುತ್ತಿದ್ದ ಇನ್ನೊಬ್ಬ. ಯಾರೂ “ಬೇಡ, ನೀವೇ ಮೊದಲು” ಎನ್ನಲಿಲ್ಲ. ಶುಭರಾತ್ರಿ ಹೇಳಿ, ಅವನ ಭುಜ ಸವರಿಕೊಂಡು, ಇಳಿದು ಹೋದರು.

ಮೇಲೆ ಬಾಗಿಲು ಮುಚ್ಚಿತು. ಕೆಳಗೆ ಬೀದಿಯ ಬಾಗಿಲೂ ಮುಚ್ಚಿತು. ಹೊತ್ತು ತೀರಿ ದೀಪ ಆರಿತು.

ಹುಶಂಗ್ ಗೋಡೆಗೆ ಬೆನ್ನು ಒತ್ತಿಕೊಂಡೇ ಇದ್ದ. ಒಂದು ಕೈ ಎದೆಯ ಮೇಲೆ, ಇನ್ನೊಂದು ಮೆಟ್ಟಿಲ ಕಡೆಗೆ ಚಾಚಿತ್ತು.

“ನೀವು ಮೊದಲು,” ಎಂದ, ಖಾಲಿ ಮೆಟ್ಟಿಲಿಗೆ. ಉತ್ತರಕ್ಕೆ ಕಾದು, ಮತ್ತೊಮ್ಮೆ ಹೇಳಿದ.