ತೃಪ್ತಿಕರ ಪ್ರಗತಿ

ಆಸ್ಪತ್ರೆಯ ಹೊಸ ವಾರ್ಡಿನ ಕೆಲಸ ಎಲ್ಲಿಗೆ ಬಂತು ಎಂದು ವಾರವಾರವೂ ಸಂಬಂಧಪಟ್ಟವರಿಗೆಲ್ಲ ಮೇಲ್ ಬರೆಯುವುದು ಆ ಎಂಜಿನಿಯರಮ್ಮನ ಪಾಲಿಗೆ ಬಿದ್ದಿತ್ತು. ಆ ವಾರ ಬರೆದದ್ದು ಇಷ್ಟೇ: ಲಿಫ್ಟ್ ತಪಾಸಣೆಯಲ್ಲಿ ಪಾಸಾಗಿಲ್ಲ, ವಾರ್ಡು ಈ ತಿಂಗಳು ತೆರೆಯುವುದಿಲ್ಲ.

ಕಳಿಸುವ ಮುಂಚೆ ಅವಳ ಮೇಲಿನ ಸಾಹೇಬರು ಓದಿ ಹುಬ್ಬು ಗಂಟಿಕ್ಕಿದರು. “ಹೀಗೆ ಮುಖಕ್ಕೆ ಹೊಡೆದ ಹಾಗೆ ಬರೀತಾರೇನಮ್ಮ? ‘ಸಣ್ಣಪುಟ್ಟ ಕೆಲಸ ಬಾಕಿ, ಪ್ರಗತಿ ತೃಪ್ತಿಕರ’ ಅಂತ ಹಾಕು. ಹಾವೂ ಸಾಯಬಾರದು, ಕೋಲೂ ಮುರೀಬಾರದು.”

“ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಾಗುತ್ತೆ ಸರ್. ಓದಿದೋರಿಗೆ ಏನು ತಿಳಿಯುತ್ತೆ?”

“ತಿಳೀಬೇಕಾದ್ದು ತಿಳಿಯುತ್ತೆ. ಕಳಿಸು.”

ಹಾಗೇ ತಿದ್ದಿ ಕಳಿಸಿದಳು.

ಮುಂದಿನ ವಾರ ಹಿರಿಯ ನರ್ಸ್ ಫೋನ್ ಮಾಡಿದರು. “ಲಿಫ್ಟಿಗೆ ಯಾಕಮ್ಮ ಬೀಗ? ರೋಗಿಗಳನ್ನ ಮೇಲಕ್ಕೆ ಸಾಗಿಸ್ಬೇಕು.”

“ಅವರು ಹಳೇ ವಾರ್ಡಲ್ಲೇ ಇದಾರಲ್ವಾ ಅಕ್ಕ?”

“ಎಲ್ಲಿಂದ? ನಿನ್ನ ಮೇಲ್ ನಂಬಿ ಖಾಲಿ ಮಾಡಿಸ್ದೆ. ಅಲ್ಲಿ ರಿಪೇರಿಗೆ ಅಂತ ನೆಲ ಅಗೆದು ಹಾಕಿದಾರೆ.”

ಅವಳು ಫೋನ್ ಇಟ್ಟವಳೇ ಬಿದ್ದಂಬೀಳ ಆಸ್ಪತ್ರೆಗೆ ಓಡಿದಳು. ಕಾರಿಡಾರಿನ ಉದ್ದಕ್ಕೂ ಮಂಚಗಳು ಒಂದಕ್ಕೊಂದು ತಾಗಿ ನಿಂತಿದ್ದವು. ಯಾರಾದರೂ ಹೊರಬಾಗಿಲು ತೆರೆದಾಗಲೆಲ್ಲ ಕೊರೆಯುವ ಗಾಳಿ ಒಳನುಗ್ಗುತ್ತಿತ್ತು. ಮೂಗಿಗೆ ನಳಿಕೆ ಹಾಕಿಸಿಕೊಂಡ ಅಜ್ಜಿಯೊಬ್ಬಳು ಅವಳ ಕೈ ಹಿಡಿದಳು.

“ಡಾಕ್ಟರಾ ಮಗಳೇ?”

“ಅಲ್ಲ ಅಜ್ಜಿ.”

“ಹೋಗ್ಲಿ, ಇನ್ನೊಂದು ಕಂಬಳಿ ಸಿಗುತ್ತಾ ನೋಡು.”

ಕಂಬಳಿ ತಂದು ಹೊದಿಸಿ, ಮೆಟ್ಟಿಲ ಮೇಲೆ ಕೂತು, ಸಾಹೇಬರನ್ನು ಕೇಳದೆ ಮೇಲ್ ಬರೆದಳು: “ಹೊಸ ವಾರ್ಡು ಈ ತಿಂಗಳು ತೆರೆಯುವುದಿಲ್ಲ. ಲಿಫ್ಟ್ ಪಾಸಾಗಿಲ್ಲ. ಹೋದ ವಾರ ನಾನು ಬರೆದದ್ದು ದಾರಿ ತಪ್ಪಿಸುವಂತಿತ್ತು. ರೋಗಿಗಳು ಕಾರಿಡಾರಿನಲ್ಲಿದ್ದಾರೆ. ಬೇರೆ ಆಸ್ಪತ್ರೆಗೆ ಸಾಗಿಸಲು ಇಂದೇ ವಾಹನ ಬೇಕು.”

ಈ ಸಲ ಎಲ್ಲರಿಗೂ ಅರ್ಥವಾಯಿತು. ಸಂಜೆಯೊಳಗೆ ಕಾರಿಡಾರು ಖಾಲಿಯಾಯಿತು. ಸಾಹೇಬರು ಅವಳನ್ನು ಆ ಕೆಲಸದಿಂದ ತೆಗೆದುಹಾಕಿದರು. ಅಜ್ಜಿಯ ಎದೆಗೆ ಮಾತ್ರ ಶೀತ ಇಳಿದುಬಿಟ್ಟಿತ್ತು. ಆ ವಾರ ಕಳೆಯುವುದರೊಳಗೆ ತೀರಿಕೊಂಡಳು.

ಹಿರಿಯ ನರ್ಸಿನಿಂದ ವಿಳಾಸ ಕೇಳಿಕೊಂಡು ಎಂಜಿನಿಯರಮ್ಮ ಅಜ್ಜಿಯ ಮನೆಗೆ ಹೋದಳು. ಅಜ್ಜಿಯ ಮಗಳು ಕೂರಿಸಿ, ನಡುವೆ ಬಾಯಿ ಹಾಕದೆ, ನಡೆದದ್ದನ್ನೆಲ್ಲ ಕೇಳಿಸಿಕೊಂಡಳು.

“ಲಿಫ್ಟ್ ಆಗಿಲ್ಲ ಅಂತ ನಿಮಗೆ ಗೊತ್ತಿತ್ತಲ್ಲ,” ಎಂದಳು ಕೊನೆಗೆ. “ಗೊತ್ತಿದ್ದೂ ಹಾಗೆ ಯಾಕೆ ಬರೆದ್ರಿ?”

ಸಾಹೇಬರು ಹೇಳಿದರು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಎಂಜಿನಿಯರಮ್ಮ ಅದನ್ನು ನುಂಗಿಕೊಂಡು, “ನಿಜ ಬರೆಯೋ ಧೈರ್ಯ ಮಾಡ್ಲಿಲ್ಲ, ತಪ್ಪು ನಂದೇ,” ಎಂದಳು.