ಚಾಚದ ಕೈ

ಶಾಲು ಎಟಕುತ್ತಿಲ್ಲ, ಹೊದಿಸುವವನು ಕುಳ್ಳ, ನನ್ನ ಮಗ ಸಂಗಮೇಶನೇ ಬಗ್ಗಿ ಹೆಗಲು ಕೊಡುತ್ತಾನೆ, ಇವರಿಗೆ ಯಾಕೆ ಬಗ್ಗಬೇಕು ಅವನು, ಸ್ಯಾನ್ ಡಿಯಾಗೊ ಪಕ್ಕದ ಈ ರಾಂಚೊ ಬರ್ನಾರ್ಡೊದ ಎಂಜಿನಿಯರುಗಳಲ್ಲಿ ಒಬ್ಬನಾದರೂ ಬೇಸ್‌ಬಾಲ್ ಚೆಂಡು ಮುಟ್ಟಿದ್ದಾನೆಯೇ, ಕನ್ನಡ ಸಂಘದ ಅಧ್ಯಕ್ಷ ಓಂಪ್ರಕಾಶ್ ಮೈಕಿನಲ್ಲಿ, ಅಮೆರಿಕದ ದೊಡ್ಡ ಲೀಗ್‌ನಲ್ಲಿ ಬೌಲಿಂಗ್ ಮಾಡಿದ ನಮ್ಮ ಕನ್ನಡದ ಹುಡುಗ — ಬೌಲಿಂಗ್ ಅಲ್ಲವೋ, ಪಿಚಿಂಗ್, ಅಷ್ಟೂ ತಿಳಿಯದ ತಲೆಗೆ ಮೈಸೂರು ಪೇಟ ಬೇರೆ. ಇದೇ ಬಾಯಿ ಆರ್ಟೀಸಿಯಾದ ನಮ್ಮ ಮಿಠಾಯಿ ಅಂಗಡಿಯಲ್ಲಿ, ನಾನು ಬಾಣಲೆ ಮುಂದೆ ಬೆವರುತ್ತಿದ್ದಾಗ, ಗುರುಬಸಪ್ಪನವ್ರೇ, ಮಗನ್ನ ಕಾಲೇಜಿಗೆ ಹಾಕಿ, ಕಲ್ಲು ಹೊಡ್ಕೊಂಡು ಎಷ್ಟು ದಿನ ಇರ್ತಾನೆ ಎಂದಿತ್ತು, ಅರ್ಧ ಪೌಂಡ್ ಖಾರಾಸೇವಿಗೆ ಅಷ್ಟು ಉಪದೇಶ. ಕೋವಿಡ್‌ನಲ್ಲಿ ಅಂಗಡಿ ಮುಚ್ಚಿದಾಗ ಹಿಂದಿನ ಪಾರ್ಕಿಂಗ್‌ನಲ್ಲಿ ಇವನ ಚೆಂಡು ಹಿಡಿದವನು ನಾನು, ಗ್ಲೌಸಿನೊಳಗೂ ಅಂಗೈ ಉರಿಯುತ್ತಿತ್ತು, ಮಡಚಿ ಬಿಡುವ ಆ ಮೊಣಕೈ, ಊರಿನ ಶಾಲೆಯ ಮೈದಾನದಲ್ಲಿ ಕ್ರಿಕೆಟ್ ಆಡುವಾಗ ನಾನು ಹಾಗೆ ಮಡಚಿ ಎಸೆದಿದ್ದಕ್ಕೇ ಅಂಪೈರ್ ಆಗಿದ್ದ ಮೇಷ್ಟ್ರು ತಮ್ಮ ಕೈಯನ್ನು ಕೋಲಿನಂತೆ ಪಕ್ಕಕ್ಕೆ ಚಾಚಿ, ನೋಬಾಲ್, ಮತ್ತೆ ನೋಬಾಲ್, ಅವರ ಟೋಪಿ ಕಿತ್ತು ಬಾವಿಗೆ ಎಸೆದಿದ್ದೆ, ನೋಡಿ ಮೇಷ್ಟ್ರೇ, ಇಲ್ಲಿ ಅದೇ ಮಡಚಿದ ಕೈಗೆ ಸಂಬಳ ಕೊಡುತ್ತಾರೆ — ಕೊಟ್ಟರು, ಮೂರು ಮ್ಯಾಚಿಗೆ, ಲಾಸ್ ಏಂಜಲಿಸ್‌ನಲ್ಲಿ ಎರಡು, ಸ್ಯಾನ್ ಡಿಯಾಗೊದಲ್ಲಿ ಒಂದು, ಅಲ್ಲೇ ಒಂದು ಚೆಂಡು ಬಿಟ್ಟವನು ಕೈ ಹಿಡಿದುಕೊಂಡು ನಿಂತ, ಕೋಚ್ ಬಂದು ಕರೆದುಕೊಂಡು ಹೋದ, ಬಸ್ಸು ಮಾಡಿಕೊಂಡು ಬಂದಿದ್ದ ಈ ಸಂಘದವರು ಪಾಪ್‌ಕಾರ್ನ್ ತರಲು ಎದ್ದರು. ಮೊಣಕೈ ಆಪರೇಷನ್ ಆಯಿತು, ತಂಡ ಕೈಬಿಟ್ಟಿತು. ಇಷ್ಟು ದಿನ ಅರಿಜೋನಾದಲ್ಲಿ ವ್ಯಾಯಾಮ, ಫೋನಿನಲ್ಲಿ ಕೇಳಿದಾಗಲೆಲ್ಲ ಇಟ್ಸ್ ಫೈನ್ ಅಪ್ಪಾ, ನಿನ್ನೆ ಮನೆಗೆ ಬಂದವನು ಈ ಬಿಸಿಲಿನಲ್ಲೂ ತುಂಬುತೋಳಿನ ಅಂಗಿ, ಇರಲಿ, ಮುಂದಿನ ವಾರ ಇನ್ನೊಂದು ತಂಡದವರು ಇವನ ಎಸೆತ ನೋಡುತ್ತಾರೆ, ಪಯೋನಿಯರ್ ರಸ್ತೆಯ ಅಂಗಡಿ ಅಂಗಡಿಗೂ ಹೇಳಿಬಂದಿದ್ದೇನೆ, ನನ್ನ ಮಗ ತಿರುಗಿ ಬರುತ್ತಾನೆ ಎಂದು. ಆಟ ಆಡಿದ್ದು ಸಾಕಪ್ಪ, ನಮ್ಮ ಆಫೀಸಲ್ಲೇ ಏನಾದ್ರೂ ಟೆಸ್ಟಿಂಗ್ ಕೆಲ್ಸ ನೋಡೋಣ — ಓಂಪ್ರಕಾಶನ ಹಾಸ್ಯ, ಎಲ್ಲರೂ ನಗುತ್ತಾರೆ, ನಗಿ, ಮುಂದಿನ ವಾರ ನಿಮ್ಮ ಹಲ್ಲು ಎಣಿಸುತ್ತೇನೆ. ಪಕ್ಕದಿಂದ ಹೆಂಡತಿ ಜಯದೇವಿ ತಿವಿಯುತ್ತಾಳೆ, ಮಾರಿ ಗಂಟ್ ಹಾಕ್ಕೋಬ್ಯಾಡ್ರಿ, ಫೋಟೊ ತಗೀಲಿಕತ್ತಾರ. ಹಣ್ಣಿನ ಬುಟ್ಟಿ ಬಂತು, ಸಂಗಮೇಶನ ಎಡಗೈ ಮುಂದೆ ಹೋಯಿತು, ಎಡಗೈ ಯಾಕೆ, ಫೋಟೊದವನೂ ಅದನ್ನೇ, ಎರಡೂ ಕೈಲಿ ಹಿಡ್ಕೊಳ್ಳಿ ಸರ್, ಚೆಂಡೆಸೆಯುವ ಬಲಗೈ ಎದ್ದಿತು, ಅರ್ಧಕ್ಕೆ ಬಂದು ನಿಂತಿತು, ಇನ್ನೂ ಸ್ವಲ್ಪ ಚಾಚಿ ಸರ್, ಬುಟ್ಟಿ ವಾಲಿತು, ಕಿತ್ತಳೆಯೊಂದು ಉರುಳಿ ನನ್ನ ಚಪ್ಪಲಿಗೆ ತಾಗಿತು, ಚಾಚೋ, ಈ ಹಲ್ಕಟ್ ಬುಟ್ಟಿಗಾದರೂ ಚಾಚೋ, ಅವನು ಎಲ್ಲರನ್ನೂ ನೋಡಿ ನಗುತ್ತಾನೆ, ನನ್ನನ್ನು ಮಾತ್ರ ನೋಡುವುದಿಲ್ಲ, ಅಂಗಿಯ ತೋಳಿನೊಳಗೆ ಆ ಮೊಣಕೈ, ಮೇಷ್ಟ್ರ ಕೈ ಕೋಲಿನಂತೆ ನೆಟ್ಟಗೆ, ಇವನದು ಮಡಚಿದ್ದು, ಮಡಚಿದ್ದು ಮಡಚಿದ ಹಾಗೇ —